ಮೇಣ ಹಚ್ಚಿದ ನಲವತ್ತು ಬೋರ್ಡು

ಶಹಾಬಾದಿನ ದೂಳು ತಿನ್ನದವರಿಗೆ ಗುಲಾಮ ದಸ್ತಗೀರನ ತಪ್ಪು ಅರ್ಥವಾಗುವುದು ಕಷ್ಟ. ಒಂದು ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿ, ಇನ್ನೊಂದು ಕಡೆ ಸಿಮೆಂಟು ಕಾರ್ಖಾನೆ. ಬೆಳಿಗ್ಗೆ ಉಟ್ಟ ಬಿಳಿ ಲುಂಗಿ ಮಧ್ಯಾಹ್ನದ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗುವ ಊರಿನಲ್ಲಿ ರೇಡಿಯೋ ಒಳಗೆ ದೂಳು ಹೋಗದೆ ಬಿಟ್ಟೀತೆ? ಸ್ಟೇಷನ್ ರಸ್ತೆಯ ಅವನ ಅಂಗಡಿಗೆ ಬರುತ್ತಿದ್ದ ರೇಡಿಯೋಗಳಲ್ಲಿ ಮುಕ್ಕಾಲು ಪಾಲು ದೂಳು ಕುಡಿದೇ ಬಾಯಿ ಮುಚ್ಚಿಕೊಂಡಂಥವು. ಅದಕ್ಕೆ ಅವನೊಂದು ಉಪಾಯ ಕಂಡುಕೊಂಡಿದ್ದ. ರಿಪೇರಿ ಮುಗಿದ ಮೇಲೆ ಮೇಣದ ಬತ್ತಿ ಕರಗಿಸಿ ಬೆಸುಗೆಯ ಮೇಲೂ ಪಿನ್ನುಗಳ ಮೇಲೂ ತೆಳ್ಳಗೆ ಸವರಿಬಿಡುತ್ತಿದ್ದ. "ಉಸ್ತಾದನ ಕೈಯಾಗ ಹೋದ ರೇಡಿಯೋ ಹತ್ತು ವರ್ಷ ಕೆಮ್ಮಂಗಿಲ್ಲ" ಎಂದು ವಾಡಿ, ಚಿತ್ತಾಪುರದ ತನಕ ಮಾತಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಸುಮ್ಮನೆ ಮೀಸೆ ಮುಟ್ಟಿಕೊಳ್ಳುತ್ತಿದ್ದ.

ಆ ಹೆಸರನ್ನೇ ನಂಬಿ 1980ರಲ್ಲಿ ಸೇಡಂನ ಹಣಮಂತರಾಯ ಅವನನ್ನು ಹುಡುಕಿಕೊಂಡು ಬಂದ. ಹಣಮಂತರಾಯ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ. ಅವನ ಅಪ್ಪನ ರೇಡಿಯೋ ಈ ಅಂಗಡಿಯಲ್ಲೇ ಮೂರು ಸಲ ಜೀವ ಪಡೆದಿತ್ತು.

"ಉಸ್ತಾದ್, ಪರದೇಶದಾಗ ಒಂದು ಯಂತ್ರ ಅದ," ಎಂದು ಸ್ಟೂಲಿನ ಮೇಲೆ ಕೂತು ಶುರುಮಾಡಿದ. "ನೆಲದ ಕೆಳಗ ಮೈಲುಗಟ್ಟಲೆ ಉಂಗುರದಂಥಾ ಕೊಳವಿ. ಅದರಾಗ ಅಣುವಿಗಿಂತ ಸಣ್ಣ ಕಣ ಎರಡೂ ದಿಕ್ಕಿನಿಂದ ಓಡಿಸಿ, ಎದುರಾಬದುರಾ ಡಿಕ್ಕಿ ಹೊಡಸ್ತಾರ."

"ಹೊಡದು ಏನ್ ಮಾಡ್ತಾರ್ರಿ?"

"ಫರಸಿ ಕಲ್ಲಿಗೆ ಫರಸಿ ಕಲ್ಲು ಒಗದ್ರ ಚೂರು ಹಾರ್ತಾವಿಲ್ಲೋ? ಯಾವ ಚೂರು ಯಾವ ಕಡಿ ಹಾರ್ತು ಅಂತ ನೋಡಿದ್ರ ಒಳಗ ಏನಿತ್ತು ತಿಳೀತದ. ಅದಕ್ಕ ಸುತ್ತ ಸಾವಿರಾರು ಸಣ್ಣ ತಂತಿ ಕಟ್ಟಿರ್ತಾರ. ಚೂರು ಹಾಯ್ದ ಜಾಗಾದ ತಂತ್ಯಾಗ ಇಷ್ಟೇ ಇಷ್ಟು ಕರೆಂಟು ಬರ್ತದ. ಅದನ್ನ ದೊಡ್ಡದು ಮಾಡೂ ಬೋರ್ಡು ನಮಗ ಬೇಕು. ಮುನ್ನೂರಾ ಇಪ್ಪತ್ತು."

ನಕ್ಷೆ ಕೊಟ್ಟ, ಕೆಲಸದ ವಿವರ ಬರೆದ ಚೀಟಿ ಕೊಟ್ಟ, ಸಾಮಾನು ಕೊಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. "ಚೀಟ್ಯಾಗ ಬರದಷ್ಟೇ ಮಾಡ್ರಿ. ನಿಮ್ಮ ಕಡಿಂದ ಏನೂ ಹಚ್ಚಬ್ಯಾಡ್ರಿ."

ಬೆಸುಗೆಯ ಕೆಲಸವನ್ನು ದಸ್ತಗೀರ ಭೀಮಬಾಯಿಗೆ ವಹಿಸಿದ. ಅವಳು ರಾವೂರಿನ ಕಲ್ಲು ಒಡೆಯುವವರ ಮನೆಯವಳು, ಏಳನೇ ತರಗತಿ ಓದಿದವಳು. ನಾಲ್ಕು ವರ್ಷದ ಹಿಂದೆ ಮನೆಯ ರೇಡಿಯೋ ಹೊತ್ತು ತಂದವಳು, ಅವನು ಬೆಸುಗೆ ಹಚ್ಚುವುದನ್ನು ನೋಡಿ "ನಾ ಹಚ್ಚಲೇನ್ರಿ?" ಎಂದು ಕೇಳಿಯೇಬಿಟ್ಟಿದ್ದಳು. ಹಚ್ಚಿದಳು ನೋಡಿ, ಉಸ್ತಾದ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ! ಅಂಥ ಕೈ ಅವನದೂ ಆಗಿರಲಿಲ್ಲ. ಅಂದಿನಿಂದ ಅಂಗಡಿಯಲ್ಲೇ ಕೆಲಸ. ಮೊದಲ ನೂರು ಬೋರ್ಡು ನೋಡಿದ ಹಣಮಂತರಾಯ, "ಕೆಲಸ ಮುಗೀಲಿ, ಈಕಿನ್ನ ನಮ್ಮ ಪ್ರಯೋಗಾಲಯಕ್ಕೇ ತಗೋತೀವಿ, ಕಾಯಂ ನೌಕರಿ" ಎಂದು ಎಲ್ಲರೆದುರು ಹೇಳಿದ. ಅವತ್ತು ಭೀಮಬಾಯಿ ಬಸ್ಸಿಗೆ ಹೋಗುವುದನ್ನೂ ಮರೆತು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ದಸ್ತಗೀರನಿಗೆ ಸ್ವಂತ ಮಗಳಿಗೆ ಒಳ್ಳೆಯ ಸಂಬಂಧ ಬಂದಷ್ಟು ಹಿಗ್ಗಾಯಿತು.

ಕೊನೆಯ ನಲವತ್ತು ಬೋರ್ಡು ಮುಗಿದದ್ದು ಮೇ ತಿಂಗಳಲ್ಲಿ. ಆ ವಾರ ಬೀಸಿದ ಗಾಳಿಗೆ ಅಂಗಡಿಯ ಮೇಜು, ಚಹಾದ ಕಪ್ಪು, ಕಣ್ಣು, ಮೂಗು ಎಲ್ಲ ದೂಳೇ ದೂಳು. ಭೀಮಬಾಯಿ ಒಂದೊಂದನ್ನೂ ತಪಾಸಣೆ ಮಾಡಿ, ಸಾಲಾಗಿ ಇಟ್ಟು ಊರಿಗೆ ಹೋಗಿದ್ದಳು. ದಸ್ತಗೀರ ಆ ಸಾಲನ್ನು ನೋಡಿದ. ಇಷ್ಟು ಚೆಂದದ ಕೆಲಸ ಹಡಗು ಹತ್ತಿ ಪರದೇಶಕ್ಕೆ ಹೋಗಿ ದೂಳಿನಿಂದ ಕೆಟ್ಟರೆ ಹೇಗೆ ಎಂದು ಅವನ ಜೀವ ತಡೆಯಲಿಲ್ಲ. ಚೀಟಿಯ ಮಾತು ನೆನಪಿರಲಿಲ್ಲವೇ? ಇತ್ತು. "ಕಲಿತವರಿಗೆ ನಮ್ಮೂರ ದೂಳು ಏನು ಗೊತ್ತು" ಎಂದು ಅಂದುಕೊಂಡ. ಮೇಣದ ಬತ್ತಿ ಹಚ್ಚಿ, ನಲವತ್ತೂ ಬೋರ್ಡಿನಲ್ಲಿ ತಂತಿ ಸಿಕ್ಕಿಸುವ ಪಿನ್ನುಗಳಿಗೆ ತೆಳ್ಳಗೆ ಸವರಿ ಡಬ್ಬಿಗೆ ತುಂಬಿದ. ಯಾರಿಗೂ ಹೇಳಲಿಲ್ಲ.

ಮರುವರ್ಷದ ಫೆಬ್ರವರಿಯಲ್ಲಿ ನಲವತ್ತು ಬೋರ್ಡು ವಾಪಸು ಬಂದವು. ಜೊತೆಗೆ ಹಣಮಂತರಾಯನ ಪತ್ರ. ಡಿಕ್ಕಿಯ ಚೂರುಗಳು ಒಂದೇ ಕಡೆ ಹೆಚ್ಚು ಹಾರುತ್ತಿವೆ, ಇನ್ನೊಂದು ಕಡೆ ಬಹಳ ಕಮ್ಮಿ ಎಂದು ಅಲ್ಲಿನವರಿಗೆ ಕಂಡಿತಂತೆ. ಹೊಸದೇನೋ ಸಿಕ್ಕಿತು ಎಂದು ಎಂಟು ದಿನ ಕುಣಿದಾಡಿದರಂತೆ. ಕಡೆಗೆ ನೋಡಿದರೆ ಆ ಕಡೆಯ ನಮ್ಮ ಬೋರ್ಡುಗಳೇ ಮೂಕಾಗಿದ್ದವು. ಎಲ್ಲರೆದುರು ತಾನು ತಲೆ ತಗ್ಗಿಸಿ ನಿಲ್ಲಬೇಕಾಯಿತು ಎಂದು ಬರೆದಿದ್ದ. "ಬೆಸುಗೆ ಸರಿ ಹಚ್ಚಿಲ್ಲ ಎನ್ನುತ್ತಿದ್ದಾರೆ. ದಯವಿಟ್ಟು ನೋಡಿ, ಸರಿಮಾಡಿ ಕಳಿಸಿರಿ."

ಡಬ್ಬಿ ಬಿಚ್ಚಿದವಳು ಭೀಮಬಾಯಿಯೇ. ಒಂದೊಂದನ್ನೂ ಮೀಟರಿಗೆ ಹಚ್ಚಿದಳು. ನಲವತ್ತೂ ಬೋರ್ಡು ಒಂದಿಷ್ಟೂ ತಪ್ಪದೆ ಕೆಲಸ ಮಾಡಿದವು.

"ಇದೇನ್ರಿ ಉಸ್ತಾದ್, ಎಲ್ಲಾ ಸರಿ ಅದಾವಲ್ಲ!"

ದಸ್ತಗೀರನಿಗೆ ಮೇಣದ ನೆನಪಾಯಿತು, ಪತ್ರವನ್ನು ಮತ್ತೆ ಬಿಡಿಸಿದ. ಪತ್ರದಲ್ಲಿ ಇನ್ನೊಂದು ಸಾಲಿತ್ತು, ಯಂತ್ರ ಇರುವ ಸುರಂಗ ಬಹಳ ತಣ್ಣಗಿರುತ್ತದೆ ಎಂದು. "ನೀ ಬಿಡವ್ವಾ, ಇವನ್ನ ನಾ ನೋಡ್ತೀನಿ," ಎಂದು ಅವಳ ಕೈಯಿಂದ ಬೋರ್ಡು ಕಸಿದುಕೊಂಡ. ಅವಳು ಒಮ್ಮೆ ಅವನ ಮುಖ ನೋಡಿದಳು. ಬೆರಳ ತುದಿ ತಿಕ್ಕಿಕೊಳ್ಳುತ್ತ ತನ್ನ ಜಾಗಕ್ಕೆ ಹೋದಳು.

ಮಾರನೆಯ ದಿನ ಶುಕ್ರವಾರ, ಅಂಗಡಿಗೆ ರಜೆ. ಸೋಡಾ ಅಂಗಡಿಯಿಂದ ಬರ್ಫದ ಗಡ್ಡೆ ತಂದು, ತಗಡಿನ ಡಬ್ಬಿಯಲ್ಲಿ ಮೀಟರಿನ ತಂತಿ ಸಿಕ್ಕಿಸಿದ ಒಂದು ಬೋರ್ಡು ಇಟ್ಟು ಅದರ ಮೇಲೆ ಕೂರಿಸಿದ. ಹತ್ತು ನಿಮಿಷಕ್ಕೆ ಬೋರ್ಡು ಸತ್ತಿತು. ಹೊರಗೆ ತೆಗೆದು ಬಿಸಿಲಿಗೆ ಹಿಡಿದ, ಎದ್ದಿತು. ಸ್ಪಿರಿಟಿನಲ್ಲಿ ಪಿನ್ನು ತೊಳೆದು ಮತ್ತೆ ಬರ್ಫದ ಮೇಲಿಟ್ಟ. ಗಂಟೆಯಾದರೂ ಸಾಯಲಿಲ್ಲ. ಬಿಸಿಲಿನಲ್ಲಿ ಮೆತ್ತಗಿರುತ್ತಿದ್ದ ಮೇಣ ತಣ್ಣಗಾದೊಡನೆ ಬಿಗಿದು ಪಿನ್ನಿಗೂ ತಂತಿಗೂ ನಡುವೆ ಅಡ್ಡ ನಿಂತಿತ್ತು, ಅಷ್ಟೇ. ಭೀಮಬಾಯಿಯ ಬೆಸುಗೆಯಲ್ಲಿ ಕೂದಲಷ್ಟೂ ದೋಷವಿರಲಿಲ್ಲ.

ಒಬ್ಬನೇ ಕೂತು ನಲವತ್ತನ್ನೂ ತೊಳೆದ. ಆಮೇಲೆ ಪತ್ರ ಬರೆಯಲು ಕೂತ. ಐವತ್ತೆರಡನೇ ವಯಸ್ಸಿನ ತನಕ ಗಳಿಸಿದ ಹೆಸರು, ಮೇಣದ ಉಸ್ತಾದ ಎಂಬ ಹೆಸರು, ಅದನ್ನು ತನ್ನ ಕೈಯಾರೆ ಹೇಗೆ ಒರೆಸುವುದು? "ಹೊಸದಾಗಿ ಬೆಸುಗೆ ಹಚ್ಚಿದ್ದೇನೆ, ಈಗ ತೊಂದರೆಯಿಲ್ಲ" ಎಂದು ಒಂದೇ ಸಾಲು ಬರೆದು ಅಂಟಿಸಿಬಿಟ್ಟ. ಅಂಚೆ ಡಬ್ಬಿಗೆ ಹಾಕಿ ಬಂದ ಮೇಲೆ ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದ. ಹೆಂಡತಿ ಖುರ್ಷಿದಬೇಗಂ ಹೊಟ್ಟೆನೋವೇ ಎಂದು ಕೇಳಿದಳು. ಹೌದೆಂದ.

ಏಪ್ರಿಲ್‌ನಲ್ಲಿ ಉತ್ತರ ಬಂತು. ಬೋರ್ಡು ಚೆನ್ನಾಗಿವೆ, ಆದರೆ ಮೊದಲ ಬೆಸುಗೆ ಕೆಟ್ಟಿತ್ತೆಂದು ಭೀಮಬಾಯಿಯ ನೌಕರಿಗೆ ಪ್ರಯೋಗಾಲಯ ಒಪ್ಪುತ್ತಿಲ್ಲ ಎಂದಿತ್ತು. ಅವನು ಓದಿ ಹೇಳುವಾಗ ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ತಿಂಗಳ ಕೊನೆಗೆ, "ನಾಳಿಂದ ಬರಂಗಿಲ್ರಿ" ಎಂದಷ್ಟೇ ಹೇಳಿ ಹೋದಳು. "ಯಾಕವ್ವಾ?" ಎಂದು ಕೇಳುವ ಧೈರ್ಯ ಉಸ್ತಾದನಿಗೆ ಬರಲಿಲ್ಲ. ಥೂ, ಇದೂ ಒಂದು ಗಂಡಸುತನವೇ ಎಂದು ತನ್ನನ್ನೇ ಬೈದುಕೊಂಡ. ಅಂದಿನಿಂದ ಅವನು ರೇಡಿಯೋಗಳಿಗೆ ಮೇಣ ಹಚ್ಚುವುದನ್ನು ಬಿಟ್ಟ, ಯಾಕೆಂದು ಯಾರಿಗೂ ಹೇಳಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಒಂದು ದಿನ ಹಣಮಂತರಾಯ ಪೇಢಾ ಹಿಡಿದು ಬಂದ. ಪ್ರಯೋಗದ ಫಲಿತಾಂಶ ಅಚ್ಚಾಗಿತ್ತು. ಕೊನೆಯ ಪುಟದಲ್ಲಿ, ಸಹಾಯ ಮಾಡಿದವರಿಗೆ ಕೃತಜ್ಞತೆ ಎಂಬಲ್ಲಿ ಗುಲಾಮ ದಸ್ತಗೀರ, ಶಹಾಬಾದ ಎಂದು ಇಂಗ್ಲಿಷಿನಲ್ಲಿತ್ತು.

"ಆ ಹುಡುಗಿ ಕೆಡಿಸಿದ್ದನ್ನ ನೀವು ತಿದ್ದಿ ನನ್ನ ಮಾನ ಉಳಿಸಿದ್ರಿ, ಉಸ್ತಾದ್," ಎಂದ ಹಣಮಂತರಾಯ.

ಅಲ್ಲೇ ಹೇಳಬೇಕಿತ್ತು. ನಾಲಿಗೆ ಎತ್ತಿದ, ಬಂದದ್ದು "ಚಹಾ ತಗೋರಿ" ಎಂಬ ಮಾತು. ಅವನು ಹೋದ ಮೇಲೆ ಆ ಪುಟ ಹಿಡಿದು ಕೂತ ದಸ್ತಗೀರನಿಗೆ ತನ್ನ ಹೆಸರು ಓದಲು ಹೇಸಿಗೆಯಾಯಿತು. ಅಂಗಡಿಗೆ ಕೀಲಿ ಹಾಕಿ ರಾವೂರಿನ ಬಸ್ಸು ಹತ್ತಿದ.

ಭೀಮಬಾಯಿ ಫರಸಿ ಕಲ್ಲು ತಿಕ್ಕಿ ನುಣುಪು ಮಾಡುವ ಶೆಡ್ಡಿನಲ್ಲಿದ್ದಳು. ಮೊಣಕೈತನಕ ಬಿಳಿ ಕೆಸರು. ಬೆರಳುಗಳು ಒಡೆದು, ಉಗುರು ಸವೆದಿದ್ದವು. ಅವನಿಗೆ ಆ ಕೈಯಿಂದ ಕಣ್ಣು ಕೀಳಲಾಗಲಿಲ್ಲ.

"ಕುಂದ್ರಿ ಉಸ್ತಾದ್," ಎಂದು ಒಂದು ಕಲ್ಲು ಒರೆಸಿ ಕೊಟ್ಟಳು.

ಅವನು ಕೂರಲಿಲ್ಲ. "ತಪ್ಪು ನಿಂದಲ್ಲವ್ವಾ. ಪಿನ್ನಿಗಿ ಮೇಣ ಹಚ್ಚಿದಾಂವ ನಾ. ಬೆಸುಗಿ ಹೊಸದಾಗಿ ಹಚ್ಚೀನಿ ಅಂತ ಸುಳ್ಳು ಬರದಾಂವನೂ ನಾನೇ."

"ಗೊತ್ತದರಿ."

"ಯಾವಾಗಿಂದ?"

"ಡಬ್ಬಿ ಬಿಚ್ಚಿದ ದಿನಾನೇ. ಬೆರಳಿಗಿ ಮೇಣ ಹತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ? ಸಾಹೇಬರಿಗೆ ಒಂದು ಪತ್ರ ಹಾಕಿದ್ರ..."

"ನಾ ಹೇಳಿದ್ರ, ತನ್ನ ತಪ್ಪು ಉಸ್ತಾದನ ಮ್ಯಾಲ ಹಾಕ್ಲಿಕತ್ಯಾಳ ಅಂತಿದ್ರು. ನೀವ್ ಹೇಳಿದ್ರ ಮಾತ್ರ ಖರೇ ಆಗ್ತಿತ್ತು." ಅವಳು ಕೈಯ ಕೆಸರು ಜಾಡಿಸಿದಳು. "ಇವತ್ತು ಹೇಳ್ತಾರ, ನಾಳಿ ಹೇಳ್ತಾರ ಅಂತ ಭಾಳ ಕಾದ್ನಿರಿ. ನೌಕರಿ ಇಲ್ಲಂತ ಪತ್ರ ಓದಿ ಹೇಳೂವಾಗೂ ನಿಮ್ಮ ಬಾಯೇ ನೋಡಾಕತ್ತಿದ್ದೆ."

ದಸ್ತಗೀರ ಆ ಕಲ್ಲಿನ ಮೇಲೆ ಕೂತ. ಅಂಗಿಯ ಜೇಬಿನಲ್ಲಿ ಇನ್‌ಲ್ಯಾಂಡ್ ಪತ್ರವಿತ್ತು, ಪೆನ್ನಿತ್ತು. ಅಲ್ಲೇ, ಅವಳ ಕಣ್ಣೆದುರಿಗೇ ಹಣಮಂತರಾಯನಿಗೆ ಬರೆದ. ಮೇಣ ಹಚ್ಚಿದ್ದು ಬರೆದ, ಬರ್ಫದ ಮೇಲಿಟ್ಟು ನೋಡಿದ್ದು ಬರೆದ, ತಾನು ಸುಳ್ಳು ಹೇಳಿದ್ದು ಬರೆದ. ಬೆಸುಗೆ ಹಚ್ಚಿದವಳು ಭೀಮಬಾಯಿ, ಅವಳ ಕೆಲಸದಲ್ಲಿ ದೋಷವಿರಲಿಲ್ಲ, ಆ ಕೃತಜ್ಞತೆ ಅವಳಿಗೆ ಸೇರಬೇಕು ಎಂದೂ ಬರೆದು ಅವಳ ಕೈಗೆ ಕೊಟ್ಟ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡು ಸಲ ಓದಿದಳು. "ಭೀಮಬಾಯಿ ಅಂತ ಅಷ್ಟೇ ಬರದೀರಿ. ಅಚ್ಚು ಹಾಕೋರಿಗೆ ಯಾವ ಭೀಮಬಾಯಿ ಅಂತ ಹೆಂಗ ತಿಳೀಬೇಕು? ಪೂರಾ ಹೆಸರು ಬರೀರಿ."

ದಸ್ತಗೀರನಿಗೆ ಅವಳ ಪೂರಾ ಹೆಸರು ಗೊತ್ತಿರಲಿಲ್ಲ. ಐದು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತು ಕೆಲಸ ಮಾಡಿದ್ದರು.

"ನಿಮ್ಮಪ್ಪನ ಹೆಸರೇನವ್ವಾ?" ಎಂದು ಕೇಳಿದ.

"ರಾಮಲಿಂಗ," ಅಂದಳು. "ಬರಕೋರಿ."