ಯಂತ್ರಗಳ ಜ್ವರ ಇಳಿಸುವ ತಂಪಣ್ಣ

ಬೆಳಿಗ್ಗೆ ಐದೂಮುಕ್ಕಾಲು. ಗ್ರಾಫಿಕ್ಸ್ ಕಂಪನಿಯ ನಾಲ್ಕನೇ ಮಹಡಿಯಲ್ಲಿ ಇನ್ನೂ ದೀಪ ಹಾಕಿಲ್ಲ. ಉದ್ದನೆಯ ಹಾಲ್‌ನಲ್ಲಿ ಇಪ್ಪತ್ತೆರಡು ದಪ್ಪ ಲ್ಯಾಪ್‌ಟಾಪುಗಳು ಸಾಲಾಗಿ ಕೂತು ಬುಸುಗುಡುತ್ತಿವೆ. ನಿನ್ನೆ ಸಂಜೆ ಮನೆಗೆ ಹೋದವರು ಒಪ್ಪಿಸಿದ ಚಿತ್ರಗಳನ್ನು ಅವು ಬೆಳಗಾಗುವವರೆಗೆ ಬಿಡಿಸಿವೆ. ಕಾವಲುಗಾರ ಬಾಗಿಲು ತೆಗೆದು ಪಕ್ಕಕ್ಕೆ ಸರಿಯುತ್ತಾನೆ. ಒಳಗೆ ಬರುವ ಐವತ್ತೇಳರ ಸಣಕಲು ಮನುಷ್ಯ ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ಮೊದಲು ಒಂದೊಂದೇ ಯಂತ್ರದ ಅಡಿಗೆ ಅಂಗೈ ತೂರಿಸಿ ಸ್ವಲ್ಪ ಹೊತ್ತು ಹಾಗೇ ಇಡುತ್ತಾರೆ, ಮಲಗಿದ ಮಗುವಿನ ಜ್ವರ ನೋಡುವವರ ಹಾಗೆ.

ಏಳನೆಯದರ ಹತ್ತಿರ ನಿಲ್ಲುತ್ತಾರೆ. "ಇದಕ್ಕೆ ಹುಷಾರಿಲ್ಲ."

ಪರದೆಯಲ್ಲಿ ತಾಪ ತೋರಿಸುವ ಕಿಟಕಿ ತೆರೆದರೆ ತೊಂಬತ್ತೇಳು ಡಿಗ್ರಿ. ಅಂಗೈ ಸುಳ್ಳು ಹೇಳಿಲ್ಲ.

ಈ ಕಟ್ಟಡದಲ್ಲಿ ಅವರ ನಿಜವಾದ ಹೆಸರು ಗೊತ್ತಿರುವುದು ಸಂಬಳದ ಪಟ್ಟಿಗೆ ಮಾತ್ರ. ಉಳಿದವರಿಗೆಲ್ಲ ಅವರು ತಂಪಣ್ಣ. ಹುಡುಗುತನದಲ್ಲಿ ಫ್ರಿಜ್ ರಿಪೇರಿ ಅಂಗಡಿ ಸೇರಿದಾಗ ಅಂಟಿದ ಅಡ್ಡಹೆಸರು. ಅಂಗಡಿ ಮುಚ್ಚಿತು, ಹೆಸರು ಉಳಿಯಿತು. ಮೂವತ್ತಾರನೇ ವಯಸ್ಸಿನಲ್ಲಿ ತನಗಿಂತ ಹದಿನೈದು ವರ್ಷ ಚಿಕ್ಕವರ ಜೊತೆ ಬೆಂಚಿನ ಮೇಲೆ ಕೂತು ಕಂಪ್ಯೂಟರ್ ರಿಪೇರಿ ಕಲಿತರು. "ಅಲ್ಲೂ ಬಿಸಿ ಹೊರಗೆ ಹಾಕೋ ಕೆಲಸ, ಇಲ್ಲೂ ಅದೇ. ಪೆಟ್ಟಿಗೆ ಸಣ್ಣದಾಯ್ತು ಅಷ್ಟೇ" ಎನ್ನುತ್ತಾರೆ.

ದಿನಕ್ಕೆ ಆರು ಯಂತ್ರ, ಒಂದೊಂದಕ್ಕೆ ಮುಕ್ಕಾಲು ಗಂಟೆ. ಬ್ಯಾಟರಿಯ ತಂತಿ ಬಿಡಿಸುತ್ತಾರೆ, ಫ್ಯಾನಿನ ರೆಕ್ಕೆ ತಿರುಗದಂತೆ ಕಿರುಬೆರಳಲ್ಲಿ ಹಿಡಿದು ಗಾಳಿ ಊದುತ್ತಾರೆ, ಚಿಪ್‌ನ ಮೇಲೆ ಒಣಗಿ ಬಿರುಕು ಬಿಟ್ಟ, ಬಿಸಿ ಸಾಗಿಸುವ ಹಳೆಯ ಪೇಸ್ಟನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ಹೊಸದನ್ನು ತೆಳ್ಳಗೆ ಸವರುತ್ತಾರೆ. ಮೊನ್ನೆ ಒಬ್ಬರು ಯಂತ್ರ ನಿಧಾನ ಎಂದು ರೇಗಾಡಿಕೊಂಡು ಬಂದಿದ್ದರಂತೆ. ವಿಚಾರಿಸಿದರೆ, ಮನೆಯಲ್ಲಿ ಅದನ್ನು ದಿಂಬಿನ ಮೇಲಿಟ್ಟು ಕೆಲಸ ಮಾಡುತ್ತಿದ್ದರು. "ಮೂಗು ಮುಚ್ಚಿ ಓಡು ಅಂದ್ರೆ ಯಾರು ಓಡ್ತಾರೆ ಸ್ವಾಮಿ?"

ತಂಪು ಮಾಡಿದರೆ ಮುಗಿಯಲಿಲ್ಲ. ದೊಡ್ಡ ಚಾರ್ಜರ್ ಹೊರಲು ಭಾರವೆಂದು ಸಣ್ಣದನ್ನು ತರುವವರಿದ್ದಾರೆ. "ಎತ್ತಿಗೆ ಕರುವಿನ ಮೇವು ಹಾಕಿ ಉಳು ಅಂದ ಹಾಗೆ." ಚಿತ್ರಗಳಿಗೆಂದೇ ಇರುವ ಚಿಪ್ ಸುಮ್ಮನಿದ್ದು, ಸಾಮಾನ್ಯ ಕೆಲಸದ ಚಿಪ್‌ನ ಮೇಲೆ ಎಲ್ಲ ಭಾರ ಬಿದ್ದಿರುವುದೂ ಉಂಟು. ಸೆಟ್ಟಿಂಗ್ ಬದಲಿಸುತ್ತ ತಂಪಣ್ಣ ನಗುತ್ತಾರೆ: "ಮನೇಲೂ ಹಂಗೇ ಅಲ್ವಾ, ಗಟ್ಟಿಮುಟ್ಟಾಗಿರೋನು ಮಲಗಿರ್ತಾನೆ, ಕೈಲಾಗದೋರು ದುಡೀತಿರ್ತಾರೆ." ಕೊನೆಗೆ ಬಣ್ಣ ಅಳೆಯುವ ಪುಟ್ಟ ಉಪಕರಣವನ್ನು ಪರದೆಗೆ ತೂಗುಹಾಕಿ ಕೆಂಪು, ಹಸಿರು, ನೀಲಿಗಳನ್ನು ಸರಿಪಡಿಸುತ್ತಾರೆ. ಪರದೆ ಸುಳ್ಳು ಹೇಳಿದರೆ ಬೈಸಿಕೊಳ್ಳುವವರು ಚಿತ್ರ ಬರೆದವರು ಎಂಬುದು ಅವರಿಗೆ ಗೊತ್ತು. ಅದನ್ನು ಹೇಳಿಕೊಟ್ಟದ್ದು ಮಗಳು.

ಮಗಳ ಮಾತು ಬಂದೊಡನೆ ತಂಪಣ್ಣ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ.

ಆರು ವರ್ಷದವಳಿದ್ದಾಗಲೇ ಅಪ್ಪನ ಸ್ಕ್ರೂಗಳನ್ನು ಗಾತ್ರ ನೋಡಿ ಬೇರೆ ಮಾಡುತ್ತಿದ್ದವಳು. ದೊಡ್ಡವಳಾಗಿ, ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ದೇಹದ ಅಂಗಾಂಗಗಳನ್ನು ಕಂಪ್ಯೂಟರಿನಲ್ಲಿ ಕಡೆದು ಚಲಿಸುವಂತೆ ಮಾಡುವ ಕೆಲಸ ಹಿಡಿದಳು. ಕಾಲೇಜೊಂದರಲ್ಲಿ ಶರೀರಶಾಸ್ತ್ರ ಕಲಿಸುವ ಮೇಡಂ ಒಬ್ಬರು ಹೃದಯವನ್ನು ಮಾಡಿಕೊಡಲು ಅವಳನ್ನು ಕೇಳಿದ್ದರು. ಕವಾಟಗಳು ತೆರೆದು ಮುಚ್ಚುವುದು, ರಕ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾಯುವುದು, ಎಲ್ಲ ಸೇರಿ ಎರಡು ನಿಮಿಷದ ಚಿತ್ರ. ಅದಕ್ಕೆ ಅವಳು ಐದು ತಿಂಗಳು ಕೂತಳು.

"ಅಪ್ಪಾ, ನನ್ನ ಮಷೀನು ಸುಡ್ತಿದೆ, ಮಧ್ಯದಲ್ಲೇ ಆಫ್ ಆಗತ್ತೆ, ಒಂಚೂರು ನೋಡು ಅಂದ್ಲು. ಭಾನುವಾರ ನೋಡೋಣಮ್ಮ ಅಂದೆ." ತಂಪಣ್ಣ ಮೇಜಿನ ಅಂಚನ್ನು ಬೆರಳಿನಿಂದ ಒರೆಸುತ್ತಾರೆ. "ಆ ಭಾನುವಾರ ಇನ್ಯಾರದೋ ಅರ್ಜೆಂಟ್ ಬಂತು. ಮುಂದಿನ ವಾರಾನೂ ಬಂತು. ನಾಳೆ ಅಂದವನ ಮನೆ ಹಾಳು ಅಂತಾರೆ. ನಾನು ಭಾನುವಾರ ಅಂದೆ."

ಮೂರನೇ ಭಾನುವಾರದ ಹೊತ್ತಿಗೆ ಮಗಳು ಆಸ್ಪತ್ರೆಯಲ್ಲಿದ್ದಳು. ಮೊದಲು ಜ್ವರ, ಆಮೇಲೆ ಸೋಂಕು ರಕ್ತಕ್ಕೆ ಸೇರಿದೆ ಎಂದರು. ಎರಡನೇ ದಿನ ಅವಳೇ ಅಮ್ಮನ ಕೈಲಿ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬರೆಸಿದ್ದಳು, ಮೇಡಂಗೆ ತಡವಾಗುತ್ತದೆಂದು ಒಂದು ಸಾಲು ಕಳಿಸಲಿ ಎಂದು. ಹತ್ತೊಂಬತ್ತು ದಿನ. ಆಮೇಲೆ ಅಪ್ಪ ಅಮ್ಮ ಇಬ್ಬರೇ ಬರಿಗೈಯಲ್ಲಿ ಮನೆಗೆ ಬಂದರು. ಅವಳಿಗೆ ಇಪ್ಪತ್ತಾರು.

"ಲ್ಯಾಪ್‌ಟಾಪು ಬಿಸಿಯಾಗಿದ್ದಕ್ಕೂ ಅವಳು ಹೋಗಿದ್ದಕ್ಕೂ ಸಂಬಂಧ ಇಲ್ಲ. ನನಗೂ ಗೊತ್ತು" ಎನ್ನುತ್ತಾರೆ. "ಆದ್ರೆ ಊರಿನೋರ ಮಷೀನೆಲ್ಲ ನೋಡ್ದೆ."

ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುತ್ತಾರೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಪಕ್ಕದಲ್ಲಿ ಬೀರು. ಮಗಳ ಲ್ಯಾಪ್‌ಟಾಪನ್ನು ಅವರು ಹೊಲಿಯಲು ಬಂದ ಬಟ್ಟೆಗಳ ಕೆಳಗೆ ಇಟ್ಟು ಬೀರು ಮುಚ್ಚಿದ್ದರು. ಏಳು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಗಂಡನನ್ನು ಅವರು ದೂರಿದ್ದು ಒಂದೇ ಸಲ, ಬಟ್ಟೆ ಮಡಿಸುತ್ತ, ಮುಖ ಎತ್ತದೆ: "ಅವಳು ಎಷ್ಟು ಸಲ ಕೇಳಿದ್ಲು ರೀ." ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು.

ಒಂದು ಸಂಜೆ ಮೇಡಂ ಬಾಗಿಲು ತಟ್ಟಿದರು. ಹೊಸಿಲಲ್ಲೇ ನಿಂತು, ಕೇಳಲು ಬಾಯಿ ಬರುತ್ತಿಲ್ಲ ಎಂದರು. "ಹೃದಯದ ಕೆಲಸ ಮುಗಿದಿದೆ, ಯಂತ್ರ ಅದನ್ನ ಒಂದೊಂದೇ ಚಿತ್ರವಾಗಿ ಹೊರಗೆ ತೆಗೀಬೇಕು ಅಷ್ಟೇ ಅಂತ ಕೊನೇ ಸಲ ಮಾತಾಡ್ದಾಗ ಹೇಳಿದ್ಲು. ಬೇರೆಯವರ ಕೈಲಿ ಮಾಡಿಸೋದಕ್ಕೆ ನನಗೆ ಮನಸ್ಸಿಲ್ಲ. ನಿಮಗೆ ಆಗಲ್ಲ ಅಂದ್ರೆ ಬೇಡ."

ಹೆಂಡತಿಯೇ ಎದ್ದು ಬೀರು ತೆಗೆದರು. ಪಾಸ್‌ವರ್ಡ್ ಬರೆದ ಚೀಟಿ ಅವರ ಸೂಜಿಡಬ್ಬಿಯಲ್ಲಿತ್ತು. ಕಡತ ಸಿಕ್ಕಿತು. ಚಿತ್ರ ಹೊರತೆಗೆಯಲು ಹಚ್ಚಿದರೆ ಹನ್ನೆರಡು ನಿಮಿಷಕ್ಕೆ ಯಂತ್ರ ಕಾದು ಕಣ್ಣು ಮುಚ್ಚಿತು. ಎರಡನೇ ಸಲ ಹತ್ತಕ್ಕೇ. ಮಗಳು ಮೂರು ವಾರ ಹೇಳಿದ್ದನ್ನು ತಂಪಣ್ಣ ಆವತ್ತು ಕಣ್ಣಾರೆ ಕಂಡರು.

ಮರುದಿನ ಭಾನುವಾರ. ಬೆಳಿಗ್ಗೆ ತಿಂಡಿಯಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ ಅದನ್ನು ಬೋರಲು ಮಲಗಿಸಿದರು. ಹತ್ತು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರು. ಗಾಳಿ ಹೋಗುವ ಸಂದುಗಳಲ್ಲಿ ದೂಳು ಕಂಬಳಿಯ ಹಾಗೆ ಕೂತಿತ್ತು. ಅದು ಅವರಿಗೆ ಹೊಸದಲ್ಲ. ಆದರೆ ಎಡಗಡೆಯ ಫ್ಯಾನಿನ ನಡುಗಂಬಕ್ಕೆ ಒಂದು ಉದ್ದ ಕೂದಲು ಸುತ್ತಿಕೊಂಡಿತ್ತು.

"ಸಾವಿರಾರು ಫ್ಯಾನ್ ಬಿಚ್ಚಿದೀನಿ. ಕೂದಲು ಸಿಗುತ್ತೆ, ಕಿತ್ತು ಬಿಸಾಕ್ತೀನಿ. ಅವತ್ತು ಕೈ ಮುಂದಕ್ಕೆ ಹೋಗ್ಲಿಲ್ಲ."

ಹೆಂಡತಿ ಬಂದು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದರು. ಹೊಲಿಗೆ ಯಂತ್ರದ ಬಾಬಿನ್ನಿನಡಿ ಸಿಕ್ಕಿಕೊಂಡ ದಾರ ಬಿಡಿಸುವ ಚಿಮಟ ತಂದು, ಕನ್ನಡಕ ಏರಿಸಿ, ಕುರ್ಚಿ ಎಳೆದುಕೊಂಡು ಕೂತರು. ಒಂದೊಂದೇ ಸುತ್ತು ಬಿಚ್ಚಿದರು. ತುಂಡಾಗದಂತೆ ಇಡಿಯಾಗಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಕಾಗದದಲ್ಲಿ ಮಡಿಸಿ ಸೂಜಿಡಬ್ಬಿಗೆ ಹಾಕಿ, "ಇನ್ನು ನೀವು ಮಾಡಿ" ಎಂದರು. ಏಳು ತಿಂಗಳಲ್ಲಿ ಆ ದನಿ ಅಷ್ಟು ಮೆತ್ತಗಾದದ್ದು ಅದೇ ಮೊದಲು.

ತಂಪಣ್ಣ ತಮ್ಮ ಮೂವತ್ತೇಳು ವರ್ಷದ ಕೈಚಳಕವನ್ನೆಲ್ಲ ಅದರ ಮೇಲೆ ಸುರಿದರು. ಪೇಸ್ಟ್ ಸವರಿದ್ದು ಸಮವಾಯಿತೋ ಇಲ್ಲವೋ ಎಂದು ಎರಡು ಸಲ ಒರೆಸಿ ಮತ್ತೆ ಸವರಿದರು. ಅಡಿಯಲ್ಲಿ ಗಾಳಿಯಾಡಲೆಂದು ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದರು. ಕಣ್ಣು ಉರಿಯದಿರಲೆಂದು ಮಗಳು ಪರದೆಯನ್ನು ಹಳದಿಗೆ ತಿರುಗಿಸಿಟ್ಟಿದ್ದಳು. ಅದನ್ನು ತೆಗೆದು ಬಣ್ಣ ಸರಿಮಾಡಿದರು. ಆಗ ಹೃದಯ ತನ್ನ ನಿಜವಾದ ಕೆಂಪಿಗೆ ಬಂತು. ಒಂಬತ್ತೂವರೆಗೆ ಕೆಲಸಕ್ಕೆ ಹಚ್ಚಿದರು.

ಎರಡು ನಿಮಿಷಕ್ಕೆ ಎರಡು ಸಾವಿರದ ಎಂಟುನೂರ ಎಂಬತ್ತು ಬಿಡಿಚಿತ್ರ. ಒಂದೊಂದಕ್ಕೆ ಹನ್ನೆರಡು ಸೆಕೆಂಡ್. ಮೊದಲ ಹನ್ನೆರಡು ನಿಮಿಷ ಗಂಡ ಹೆಂಡತಿ ತಾಪದ ಅಂಕಿಯನ್ನೇ ನೋಡುತ್ತ ಕೂತರು. ಎಪ್ಪತ್ತೊಂಬತ್ತು. ಎಂಬತ್ತು. ಎಪ್ಪತ್ತೊಂಬತ್ತು. ಮಧ್ಯಾಹ್ನ ಹೆಂಡತಿ ತಟ್ಟೆಗೆ ಅನ್ನ ಹಾಕಿ ಅಲ್ಲಿಗೇ ತಂದರು. ಮಗಳ ಯಂತ್ರದ ಪಕ್ಕದಲ್ಲೇ ಇಬ್ಬರೂ ಒಟ್ಟಿಗೆ ಉಂಡರು. ಸಂಜೆ ಏಳರ ಸುಮಾರಿಗೆ ಫ್ಯಾನಿನ ಸದ್ದು ತಾನಾಗಿ ಇಳಿಯಿತು. ಚಿತ್ರ ಮುಗಿದಿತ್ತು. ಅವರು ಅದನ್ನು ಒಂದು ಸಲ ಓಡಿಸಿ ನೋಡಿದರು. ಎರಡನೇ ಸಲ ಹಾಕಲು ಹೋದಾಗ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಎದ್ದು ಹೋದರು.

ಇದಾಗಿ ಎರಡು ವರ್ಷ. ಆ ಹೃದಯ ಈಗ ಮೇಡಂ ಅವರ ಪಾಠದಲ್ಲಿದೆ. ವಿದ್ಯಾರ್ಥಿಗಳು ಅದನ್ನು ತಿರುಗಿಸಿ, ಕತ್ತರಿಸಿ, ಕವಾಟದ ಒಳಹೊಕ್ಕು ನೋಡುವಂತೆ ಮಗಳ ಮೂಲ ಕಡತವನ್ನೂ ತರಗತಿಯ ದೊಡ್ಡ ಲ್ಯಾಪ್‌ಟಾಪಿಗೆ ಹಾಕಿದ್ದಾರೆ. ಅದು ಭಾರದ ಕಡತ, ಯಂತ್ರ ಕಾದರೆ ಚಿತ್ರ ತಡವರಿಸುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ತಂಪಣ್ಣ ಬೆಳಿಗ್ಗೆ ಪಾಠ ಶುರುವಾಗುವ ಮುಂಚೆ ಕಾಲೇಜಿಗೆ ಹೋಗಿ ಅದನ್ನು ಬಿಚ್ಚಿ, ಒರೆಸಿ, ಜೋಡಿಸಿ ಬರುತ್ತಾರೆ. ಬರುತ್ತಾರೆ ಅಂದರೆ, ಕೂಡಲೇ ಬರುವುದಿಲ್ಲ. ಹಿಂದಿನ ಬೆಂಚಿನ ಮೂಲೆಯಲ್ಲಿ ಕೂರುತ್ತಾರೆ. ದೊಡ್ಡ ಪರದೆಯ ಮೇಲೆ ಮಗಳ ಕೆಲಸ ಕಂಡಾಗ ತಲೆ ತಗ್ಗಿಸಿ ಸ್ಕ್ರೂಗಳ ಡಬ್ಬಿ ಜೋಡಿಸುತ್ತಾರೆ.

ಒಮ್ಮೆ ಪಕ್ಕದಲ್ಲಿದ್ದ ವಿದ್ಯಾರ್ಥಿನಿ, ಅಂಕಲ್ ನೀವು ಯಾರು, ಎಂದು ಕೇಳಿದ್ದಳಂತೆ. ಇದನ್ನು ಮಾಡಿದವಳ ಅಪ್ಪ ಎಂದು ಹೇಳಬಹುದಿತ್ತು.

"ಮಷೀನ್ ನೋಡ್ಕೊಳ್ಳೋನಮ್ಮ ಅಂದೆ. ಪಾಠ ಮುಗಿಯೋವರೆಗೆ ಆ ಹೃದಯ ಒಂದೇ ಸಮ ಬಡ್ಕೋತಿರಬೇಕು, ಮಧ್ಯೆ ನಿಲ್ಲಬಾರದು. ಅಷ್ಟು ನನ್ನ ಕೈಲಾಗುತ್ತೆ."