ಬೊಗಳಪ್ಪನ ಸಂಸಾರ

ರೂಪಾ ರಾಜೂರಿಗೆ ಸೊಸೆಯಾಗಿ ಬಂದಾಗ ಪಿಯುಸಿ ಮುಗಿಸಿದ್ದಳು. ಅಂಗನವಾಡಿಯ ಕೆಲಸ ಸಿಕ್ಕಿದ್ದು ಮಗಳು ಹುಟ್ಟಿದ ಮೇಲೆ. ಗಂಡ ಉಮೇಶ ಗೋವಾದಲ್ಲಿ ಕಟ್ಟಡಗಳಿಗೆ ಬಣ್ಣ ಹಚ್ಚುತ್ತಾನೆ. ಹಬ್ಬಕ್ಕೆ ಬರುವಾಗ ತಳದಲ್ಲಿ ಅಷ್ಟಿಷ್ಟು ಉಳಿದ ಡಬ್ಬಿಗಳನ್ನು ಚೀಲದಲ್ಲಿ ತರುತ್ತಾನೆ. ಆ ಬಣ್ಣದಿಂದ ರೂಪಾ ಅಂಗನವಾಡಿಯ ಗೋಡೆಗೆ ಗಿಳಿ, ನವಿಲು ಬರೆದಳು. ಮಕ್ಕಳು ಕೆಲವು ದಿನ ನೋಡಿದರು, ಆಮೇಲೆ ಗಿಳಿಗೆ ಕೈ ಒರೆಸತೊಡಗಿದರು.

ಊಟದ ಹೊತ್ತಿನವರೆಗೆ ಆ ಮಕ್ಕಳನ್ನು ಒಂದೆಡೆ ಕೂಡಿಸುವುದೇ ದೊಡ್ಡ ಕೆಲಸ. ಇದ್ದ ಪುಸ್ತಕಗಳಲ್ಲಿ ಹಿಮದ ಕರಡಿ, ಕಡಲ ಮೀನು. ಮಕ್ಕಳಿಗೆ ಅವುಗಳ ಗುರುತು ಪರಿಚಯವೇ ಇಲ್ಲ. ಒಂದು ದಿನ ಬೀದಿನಾಯಿಯೊಂದು ಎದುರಿನ ಕಟ್ಟೆಯ ಮೇಲೆ ಮುಂಗಾಲು ಚಾಚಿ, ಕತ್ತೆತ್ತಿ ಕೂತಿತ್ತು. ಒಂದು ಹುಡುಗಿ ಬಾಗಿಲಿಂದಲೇ ಕೂಗಿದಳು: "ಅಕ್ಕೋರ, ನಾಯಿ ಹಿರ್‍ಯಾರಂಗ ಕುಂತೈತಿ ನೋಡ್ರಿ!" ಎಲ್ಲರೂ ಬಾಗಿಲಿಗೆ ನುಗ್ಗಿದರು, ನಕ್ಕರು.

ಅಂದೇ ರೂಪಾ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಗೆ ಚಿತ್ರ ಬರೆಯಲು ಕೂತಳು. ಕಥೆಯ ನಾಯಿ ಧೋತರ ಉಟ್ಟು ರೋಣದ ಬಸ್ಸಿಗೆ ಕಾಯುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತದೆ. ಪೇಟೆಯಲ್ಲಿ ಕಡಲೆಯ ದರ ಕೇಳಿ ಮೂಗು ಮುರಿಯುತ್ತದೆ. ಕ್ಷೌರದಂಗಡಿಯಲ್ಲಿ "ಮೀಸಿ ಅಷ್ಟ ಕತ್ತರಸು" ಎನ್ನುತ್ತದೆ; ಮೀಸೆ ಎಲ್ಲಿಗೆ ಮುಗಿಯಿತೆಂದು ತಿಳಿಯದೆ ಕ್ಷೌರದವನು ಬಾಲದವರೆಗೂ ಕತ್ತರಿ ಆಡಿಸುತ್ತಾನೆ. ಮನೆಗೆ ಬಂದು ರೊಟ್ಟಿ ತಿಂದು, ಅಂಗಾತ ಮಲಗಿ ಗೊರಕೆ ಹೊಡೆಯುತ್ತದೆ. ಗೋಡೆಯ ಬಣ್ಣವಾದ್ದರಿಂದ ಹಾಳೆಗಳು ಒಂದಕ್ಕೊಂದು ಅಂಟುತ್ತಿದ್ದವು. ಅವುಗಳನ್ನು ಹೊಲಿದು ಪುಸ್ತಕ ಮಾಡಿ, ನಾಯಿಗೆ ಅವಳು ಬೊಗಳಪ್ಪ ಎಂದು ಹೆಸರಿಟ್ಟಳು.

ಆ ಹೆಸರಿನ, ನಡಿಗೆಯ ಹಿಂದೆ ಒಬ್ಬ ಮನುಷ್ಯನಿದ್ದ: ನೀಲಪ್ಪ. ಹೊಲದ ಕೆಲಸಕ್ಕೆ ಹೆಣ್ಣಾಳುಗಳನ್ನು ಕೂಡಿಸಿಕೊಂಡು ಹೋಗುವವನು. ಬೆಳಗಾಗುವ ಮೊದಲೇ ಓಣಿಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದ. ಊರ ನಾಯಿಗಳೆಲ್ಲ ಅವನಿಗೆ ಉತ್ತರ ಕೊಡುತ್ತಿದ್ದವು. "ಎದ್ದೇಳ್ರೆ, ಬೊಗಳಾಕ ಹತ್ತಿದ" ಎಂದು ಹೆಂಗಸರು ಮೆಲ್ಲಗೆ ಅನ್ನುವುದಿತ್ತು. ರೂಪಾಳ ಅತ್ತೆಯೂ ಅವನ ಗುಂಪಿನಲ್ಲೇ ದುಡಿಯುತ್ತಿದ್ದಳು.

ಮಕ್ಕಳು ಕಥೆಯನ್ನು ಮನೆಮನೆಗೆ ಒಯ್ದರು. ನೀಲಪ್ಪನ ಮೊಮ್ಮಗಳು ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುವುದನ್ನು ನೋಡಿ, "ಯಜ್ಜಾ, ನೀನೂ ಬೊಗಳಪ್ಪ!" ಎಂದು ಚಪ್ಪಾಳೆ ತಟ್ಟಿದಳು. ಕಟ್ಟೆಯ ಮೇಲಿದ್ದವರು ಉಳಿದ ಕಥೆಯನ್ನೂ ಅವನ ಕಿವಿಗೆ ಹಾಕಿದರು.

ಮರುದಿನ ಬೆಳಗ್ಗೆ ನೀಲಪ್ಪ ಎಲ್ಲರ ಹೆಸರು ಕೂಗಿದ, ರೂಪಾಳ ಅತ್ತೆಯ ಹೆಸರು ಬಿಟ್ಟ. ಬುತ್ತಿ ಕಟ್ಟಿಕೊಂಡ ಮುದುಕಿ ಹೊಸ್ತಿಲ ಮೇಲೆ ಕೂತೇ ಇದ್ದಳು.

"ನಾಯಿ ಅಂದ್ರ ಯಾರ್ ಸುಮ್ನಿರ್ತಾರವ್ವಾ?" ಎಂದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ರೂಪಾಳಿಗೆ. ಮಕ್ಕಳು ನಕ್ಕಾಗ ತಾನೂ ನಕ್ಕಿದ್ದಳು, ಇದು ಇಲ್ಲಿಗೆ ಬರುತ್ತದೆಂದು ಯೋಚಿಸಿರಲಿಲ್ಲ.

ಸಂಜೆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೀಲಪ್ಪನ ಮನೆಗೆ ಹೋದಳು. ಅವನು ಕಂಬಕ್ಕೊರಗಿ ಕೂತಿದ್ದ.

"ತಪ್ಪಾತ್ರಿ ಕಾಕಾ. ನಡಿಗಿ ಅಷ್ಟ ನಿಮ್ದು ತಗೊಂಡೀನಿ. ಅಪಮಾನ ಮಾಡಬೇಕಂತ ಅಲ್ರಿ. ಬ್ಯಾಡಂದ್ರ ಹರದ್ ಹಾಕ್ತೀನಿ."

ನೀಲಪ್ಪ ಮುಖ ತಿರುಗಿಸಿದ. ಅಡುಗೆಮನೆಯಿಂದ ಅವನ ಹೆಂಡತಿ ಅಡಿವೆವ್ವ ಕೈ ಒರೆಸಿಕೊಳ್ಳುತ್ತ ಬಂದಳು. "ಹರಿಯೂದು ಆಮ್ಯಾಲ. ಮೊದಲ ಓದು. ಊರೆಲ್ಲ ಕೇಳೇತಿ, ನಾ ಕೇಳಿಲ್ಲ."

ರೂಪಾ ಅಂಟಿದ ಹಾಳೆಗಳನ್ನು ಬಿಡಿಸುತ್ತ ಓದಿದಳು. ಕ್ಷೌರದಂಗಡಿ ಬರುವಷ್ಟರಲ್ಲಿ ಅಡಿವೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಳು. ರೊಟ್ಟಿಯ ಹಾಳೆ ಬಂದಾಗ ಮಾತ್ರ ನಗು ನಿಲ್ಲಿಸಿದಳು.

"ತಡಿ. ಈ ರೊಟ್ಟಿ ಯಾರ್ ಬಡದ್ರು?"

ರೂಪಾ ಹಿಂದಿನ ಹಾಳೆ ತಿರುವಿ ನೋಡಿದಳು.

"ಧೋತರ ಒಗದಾಕಿ ಯಾರು? ಇವ ಪ್ಯಾಟಿಗಿ ಹೋದಾಗ ಮನಿ ನೋಡ್ಕೊಂಡಾಕಿ ಯಾರು? ಈ ನಾಯಿಗಿ ಸಂಸಾರ ಇಲ್ಲೇನು?"

ನೀಲಪ್ಪ ಸಿಟ್ಟಿನಿಂದ ತಿರುಗಿದ. "ನನ್ನ ನಾಯಿ ಮಾಡ್ಯಾಳ ಆಕಿ. ನೀ ಸಂಸಾರ ಕೇಳ್ತಿ?"

"ನಾಯೀನ ಮನಶ್ಯಾ ಮಾಡ್ಯಾಳ ತಗೋ. ನಿಂದೇನ್ ಹೋತು?"

ಅವನು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ ಬಸ್ಸಿನ ಚಿತ್ರದ ಕಡೆ ಬೆರಳು ಮಾಡಿ, "ಅದೂ ತಪ್ಪೈತಿ. ನಾ ಡ್ರೈವರ್ ಹಿಂದಿನ ಕಿಡಕ್ಯಾಗ ಟವೆಲ್ ಒಗೀತೀನಿ. ಹಿಂದ ಕುಂತ್ರ ಧಕ್ಕಿ ಹತ್ತತಾವ" ಎಂದ. ಅಡಿವೆವ್ವ ಮತ್ತೆ ಸೆರಗನ್ನು ಬಾಯಿಗೆ ಒಯ್ದಳು.

ಮರುದಿನ ಬೆಳಗ್ಗೆ ಅತ್ತೆಯನ್ನು ಕರೆಯಲು ಬಂದವಳು ಅಡಿವೆವ್ವ. ನೀಲಪ್ಪ ಓಣಿಯ ತುದಿಯಲ್ಲಿ ಬೇರೆಲ್ಲೋ ನೋಡುತ್ತ ನಿಂತಿದ್ದ. ಅವನೇ ಆ ಹೆಸರು ಕೂಗಲು ಮತ್ತಷ್ಟು ದಿನ ಹಿಡಿಯಿತು.

ಹೊಸ ಹಾಳೆಗಳ ಕಥೆಯನ್ನು ಅಡಿವೆವ್ವನೇ ಹೇಳಿ ಬರೆಸಿದಳು. ಬೊಗಳಪ್ಪನ ಹೆಂಡತಿ ಕಳೆ ಕೀಳಲು ಹೋದ ದಿನ ಅವನೇ ರೊಟ್ಟಿ ಬಡಿಯಲು ಕೂರುತ್ತಾನೆ. ಹಿಟ್ಟು ಮೂಗಿಗೆ ಮೆತ್ತಿ ಸೀನುತ್ತಾನೆ, ಬೆಂದದ್ದೊಂದನ್ನೂ ಬೆಕ್ಕು ಎತ್ತಿಕೊಂಡು ಓಡುತ್ತದೆ.

"ಆಕಿಗಿ ಹೆಸರೇನಿಡೂಣ್ರಿ? ಬೊಗಳವ್ವ?" ಎಂದು ರೂಪಾ ಕೇಳಿದ್ದಳು.

"ಬ್ಯಾಡ. ಆಕಿ ಬೊಗಳಂಗಿಲ್ಲ. ಕಚ್ಚವ್ವ ಅಂತಿಡು."

ಗಜೇಂದ್ರಗಡದ ಅಂಗನವಾಡಿ ಸಭೆಗೆ ರೂಪಾ ಪುಸ್ತಕ ಒಯ್ದಾಗ ಉಳಿದ ಅಂಗನವಾಡಿಗಳವರು ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಅದು ಕೈಯಿಂದ ಕೈಗೆ ದಾಟಿ, ಮಕ್ಕಳ ಪುಸ್ತಕ ಮಾಡುವ ಗದಗಿನ ಗೆಳೆಯರ ಗುಂಪೊಂದಕ್ಕೆ ಮುಟ್ಟಿತು. ಅವರು ಬಂದು ಮಾತಾಡಿ, ಅಡಿವೆವ್ವನ ಹೆಸರನ್ನೂ ಸೇರಿಸಿ ಅಚ್ಚು ಹಾಕಿದರು. ತನ್ನ ಹೆಸರನ್ನು ಮೊಮ್ಮಗಳು ಬೆರಳಿಟ್ಟು ತೋರಿಸಿದಾಗ ಅಡಿವೆವ್ವ, "ಇಷ್ಟ ಸಣ್ಣದೇನು?" ಎಂದಳು.

ಪುಸ್ತಕದ ಕಟ್ಟು ಬಂದ ದಿನ ನೀಲಪ್ಪ ಅಂಗನವಾಡಿಯ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟ. ಮಕ್ಕಳು ಗುಸುಗುಸು ನಕ್ಕರು. ಅವನು ಗದರಲಿಲ್ಲ.

"ಎರಡ ಪುಸ್ತಕ ಕೊಡವಾ" ಎಂದ.

"ಎರಡ್ಯಾಕ್ರಿ ಕಾಕಾ?"

"ಒಂದು ಮನಿಗೆ. ಇನ್ನೊಂದು ಪುರ್ತಗೇರ್ಯಾಗಿನ ಬೀಗರಿಗೆ. ನಾ ಪುಸ್ತಕದಾಗ ಅದೀನಿ ಅಂದ್ರ ಅವ್ರು ಖರೇ ಅನ್ನವಲ್ರು."