ಸೋಮವಾರದ ಎದೆ

ಹಾಸಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹತ್ತಿಯಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಹತ್ತಿ ಹಿಂಜುವ ಯಂತ್ರ ಅವಳ ಕೈಯಲ್ಲೇ ಇತ್ತು. ಗಂಟುಗಟ್ಟಿದ ಹತ್ತಿಯನ್ನು ಹಲ್ಲಿನ ಉರುಳೆಗೆ ಕೊಡುವಾಗ, ಒಂದೇ ಒಂದು ಬೀಜ ಒಳಗೆ ಸಿಕ್ಕಿದರೂ ಸದ್ದಿನಲ್ಲೇ ಗುರುತಿಸುತ್ತಿದ್ದಳು. ಸಂಜೆ ಮನೆಗೆ ಹೊರಡುವಾಗ ಹುಬ್ಬು, ರೆಪ್ಪೆ ಎಲ್ಲ ಬಿಳಿ.

ಅವಳಿಗೊಂದು ಕಾಟವಿತ್ತು. ಭಾನುವಾರ ರಜೆ. ಸೋಮವಾರ ಕೆಲಸಕ್ಕೆ ಬಂದರೆ ಮಧ್ಯಾಹ್ನದ ಹೊತ್ತಿಗೆ ಎದೆಗೆ ಹಗ್ಗ ಬಿಗಿದ ಹಾಗಾಗುತ್ತಿತ್ತು. ಮಂಗಳವಾರ ಕಡಿಮೆ, ಬುಧವಾರ ಮರೆತೇ ಹೋಗುತ್ತಿತ್ತು. ಯಂತ್ರದ ಕೋಣೆಯ ಹೆಂಗಸರಿಗೆಲ್ಲ ಹೀಗೇ ಆಗುತ್ತಿದ್ದುದರಿಂದ ಅವರು ತಮ್ಮ ಲೆಕ್ಕಾಚಾರದಲ್ಲಿ ಕಾರಣವನ್ನೂ ಕಂಡುಕೊಂಡಿದ್ದರು: ಸುಮ್ಮನೆ ಕೂತರೆ ಎದೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಹತ್ತಿಯಕ್ಕ ಗುಡಿಸುವ ನೆಪ ಹೇಳಿ ಬೀಗದ ಕೈ ಇಸಿದುಕೊಂಡು ಭಾನುವಾರವೂ ಎರಡು ತಾಸು ಹತ್ತಿ ಹಿಂಜಿ ಬರುತ್ತಿದ್ದಳು. ಸೋಮವಾರ ಹಗುರ. ಇನ್ನೇನು ಸಾಕ್ಷಿ ಬೇಕು?

ಒಂದು ದಿನ ವೈದ್ಯಕೀಯ ಕಾಲೇಜಿನಿಂದ ಸಂಶೋಧನೆಗೆಂದು ಒಬ್ಬ ಡಾಕ್ಟರಮ್ಮ ಬಂದರು. ಕೈಯಲ್ಲಿ ಅಂಕಿ ಬರೆದ ಒಂದು ಕೊಳವೆ. ಜೋರಾಗಿ ಊದಿದರೆ ಒಳಗಿನ ಮುಳ್ಳು ಮೇಲಕ್ಕೆ ಸರಿಯುತ್ತದೆ. ಎದೆಯಿಂದ ಗಾಳಿ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಹೊರಡುತ್ತದೆ ಎಂದು ತೋರಿಸುತ್ತದೆ. ಸೋಮವಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಊದಬೇಕು. ಸಂಜೆ ಯಾರ ಅಂಕಿ ತೀರಾ ಇಳಿಯುತ್ತದೋ ಅವರನ್ನು ಯಂತ್ರದಿಂದ ಬೇರೆ ಕಡೆಗೆ ಹಾಕಬೇಕು.

ಹತ್ತಿಯಕ್ಕನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ಬೇರೆ ಕಡೆ ಎಂದರೆ ಹೊಲಿಗೆ ಮೇಜು. ಅಲ್ಲಿ ಮೇಸ್ತ್ರಿ ಅವಳ ನಾದಿನಿ, ತೀರಿಹೋದ ಗಂಡನ ತಂಗಿ. ಅವಳ ಕೈಕೆಳಗೆ ಕೂತು ನೂಲು ಪೋಣಿಸುವುದಕ್ಕಿಂತ ಉಸಿರು ಕಟ್ಟುವುದೇ ವಾಸಿ ಅನ್ನಿಸಿತು.

ಆ ಭಾನುವಾರ ಎರಡು ತಾಸಲ್ಲ, ಇಡೀ ದಿನ ಹಿಂಜಿದಳು. ಸೋಮವಾರ ಬೆಳಿಗ್ಗೆ ಇನ್ನೂರ ತೊಂಬತ್ತು, ಸಂಜೆ ಇನ್ನೂರ ಎಂಬತ್ತೈದು.

“ಪರವಾಗಿಲ್ಲಮ್ಮ, ಹೆಚ್ಚು ಇಳಿದಿಲ್ಲ,” ಎಂದು ಡಾಕ್ಟರಮ್ಮ ಹಾಳೆ ತಿರುವಿದರು.

ಸಾಲಿನಲ್ಲಿ ಹಿಂದೆ ನಿಂತಿದ್ದ ನಾದಿನಿ ಬಾಯಿ ತೆರೆದಳು. “ಮೇಡಂ, ನಮ್ಮತ್ತಿಗೆ ನಿನ್ನೆ ಪೂರ್ತಿ ಯಂತ್ರದ ಮುಂದೆನೇ ಇದ್ರು. ಊಟ ಕೊಟ್ಟು ಬಂದಿದ್ದು ನಾನೇ.”

“ನಿನ್ನ ನಾಲಿಗೆಗೆ ಬೀಗ ಇಲ್ವೇನೇ!”

“ನಿಮ್ಮ ಎದೆಗೆ ಬಿದ್ದಿರೋ ಬೀಗ ಮೊದ್ಲು ತೆಗೀಲಿ. ಮೊನ್ನೆ ನೆಲ ಒರೆಸ್ತಾ ಗೋಡೆ ಹಿಡ್ಕೊಂಡು ಕೂತ್ಬಿಟ್ರಿ, ನಾನು ನೋಡ್ಲಿಲ್ವಾ? ಅಣ್ಣ ಹೋದ್ಮೇಲೆ ನನ್ನ ಬೈಯೋಕೆ ಉಳಿದಿರೋದು ನೀವೊಬ್ರೇ.”

ಹತ್ತಿಯಕ್ಕ ತಲೆ ತಗ್ಗಿಸಿದಳು. ಡಾಕ್ಟರಮ್ಮ ಬೈಯಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡರು. ಹತ್ತಿಯ ಧೂಳಿನಲ್ಲಿ ಕಣ್ಣಿಗೆ ಕಾಣದ ಸತ್ತ ಕ್ರಿಮಿಗಳ ಚೂರುಗಳಿರುತ್ತವೆ, ಅವು ತಗುಲಿ ಉಸಿರಿನ ಕೊಳವೆಗಳು ಕೆರಳಿ ಕಿರಿದಾಗುತ್ತವೆ ಎಂದರು. ದಿನಾ ಆ ಧೂಳನ್ನು ಉಸಿರಾಡುತ್ತಿದ್ದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದಂತೆ. ರಜೆಯಲ್ಲಿ ಆ ಒಗ್ಗಿಕೆ ತಪ್ಪುವುದರಿಂದ ಸೋಮವಾರ ಜೋರಾಗಿ ಹಿಡಿಯುತ್ತದೆ.

“ತಪ್ಪು ರಜೇದಲ್ಲ ಅಮ್ಮ, ಧೂಳಿಂದು. ಬುಧವಾರ ನಿಮಗೆ ಗೊತ್ತಾಗಲ್ಲ ಅಷ್ಟೇ. ಒಳಗೆ ಸವೀತಾನೇ ಇರುತ್ತೆ.”

ಕಾಗದದ ಮೇಲೆ ಶ್ವಾಸಕೋಶದ ಚಿತ್ರವನ್ನೂ ಬರೆದರು. ಒಂದು ಕೊಳವೆ ಎರಡಾಗಿ, ಎರಡು ನಾಲ್ಕಾಗಿ, ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು, ತುದಿಯಲ್ಲಿ ಕೋಟಿಗಟ್ಟಲೆ ಗಾಳಿಯ ಪುಟ್ಟ ಚೀಲಗಳು. ಅಷ್ಟನ್ನೂ ಬಿಡಿಸಿ ಹರಡಿದರೆ ಸುಮಾರು ಎಪ್ಪತ್ತು ಚದರ ಮೀಟರ್. ಹತ್ತಿಯಕ್ಕ ಮನಸ್ಸಿನಲ್ಲೇ ಅಳತೆ ಹಾಕಿದಳು.

“ಇಬ್ರು ಮಲಗೋ ಹಾಸಿಗೆ ಇಪ್ಪತ್ತೈದು! ಒಂದು ಹೊಲಿಗೇನೂ ಕಾಣದ ಹಾಗೆ ಇಷ್ಟರೊಳಗೆ ಮಡಚಿಟ್ಟೋರು ಯಾರಮ್ಮ?” ಎಂದಳು. ಆಮೇಲೆ ಮೆಲ್ಲಗೆ, “ಹೋದ ಉಸಿರು ವಾಪಸ್ ಬರುತ್ತಾ?”

“ಪೂರ್ತಿ ಬರುತ್ತೆ ಅಂತ ಸುಳ್ಳು ಹೇಳಲ್ಲ. ಹತ್ತಿ ಕೆಲಸ ಬಿಟ್ಟೋರನ್ನ ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ಧೂಳಿಂದ ದೂರ ಆದ್ಮೇಲೆ ಕೆಲವರ ಉಸಿರು ಸ್ವಲ್ಪ ಚೇತರಿಸ್ಕೊಂಡಿದೆ. ಯಾರಿಗೆ, ಎಷ್ಟು ಅಂತ ಇನ್ನೂ ಹುಡುಕ್ತಾ ಇದೀವಿ. ಅದಕ್ಕೇ ನಿಮ್ಮ ಅಂಕಿ ನಿಜ ಇರ್ಬೇಕು.”

ಮುಂದಿನ ಭಾನುವಾರ ಹತ್ತಿಯಕ್ಕ ಮನೆಯಲ್ಲೇ ಇದ್ದಳು. ಸೋಮವಾರ ಬೆಳಿಗ್ಗೆ ಮುನ್ನೂರು. ಸಂಜೆ ಇನ್ನೂರ ಮೂವತ್ತೈದು. ಅಕ್ಷರ ಕೂಡಿಸಿ ಓದಲು ಕಷ್ಟಪಡುವವಳಿಗೂ ಅಂಕಿ ಓದಲು ಬರುತ್ತಿತ್ತು. ತಾನೇ ಬೀಗದ ಕೈ ತಂದು ಕಾರ್ಖಾನೆಯ ಯಜಮಾನರ ಮೇಜಿನ ಮೇಲಿಟ್ಟಳು. ಅವರು ಡಾಕ್ಟರಮ್ಮ ಹೇಳಿದಂತೆ ಯಂತ್ರದ ಬಾಯಿಗೆ ಧೂಳು ಹೀರುವ ಕೊಳವೆ ಹಾಕಿಸಿದರು. ಹೊಲಿಗೆ ಮೇಜಿನಲ್ಲಿ ಅವಳಿಗೊಂದು ಕುರ್ಚಿ ಸಿಕ್ಕಿತು.

ಎರಡು ತಿಂಗಳು ನಾದಿನಿಯೊಂದಿಗೆ ಮಾತಿಲ್ಲ. ನಾದಿನಿಯೇನು ಬಿಡುವವಳೇ! “ಇದು ಹೊಲಿಗೆನೋ, ಕೋಳಿ ಕೆದಕಿದ್ದೋ?” ಎಂದು ದಿನಾ ಬಿಚ್ಚಿಸುತ್ತಿದ್ದಳು. ಒಂದು ಮಧ್ಯಾಹ್ನ ಹತ್ತಿಯಕ್ಕ ದಿಂಬಿನ ಕಟ್ಟು ಹೊತ್ತು ಅವಳನ್ನು ಬೈಯುತ್ತಾ ಮಾಳಿಗೆ ಹತ್ತಿದಳು. ಮೇಲೆ ಮುಟ್ಟಿದ ಮೇಲೆ ಹೊಳೆಯಿತು, ನಡುವೆ ಎಲ್ಲೂ ನಿಂತಿರಲಿಲ್ಲ. ಬೈಗುಳವೂ ನಿಂತಿರಲಿಲ್ಲ. ಕಟ್ಟಿನ ಮೇಲೆ ಕೂತು ಕಣ್ಣೊರೆಸಿಕೊಂಡಳು.

ವರ್ಷ ಕಳೆದು ತಪಾಸಣೆಗೆ ಹೋದಾಗ ಬೆಳಿಗ್ಗೆ ಮುನ್ನೂರ ಇಪ್ಪತ್ತು, ಸಂಜೆಯೂ ಅಷ್ಟೇ. ಡಾಕ್ಟರಮ್ಮ ಹೊಸ ಹಾಳೆ ತುಂಬುತ್ತಾ ಕೇಳಿದರು, “ತುರ್ತು ಅಂತ ಬಂದ್ರೆ ಯಾರಿಗೆ ತಿಳಿಸ್ಬೇಕಮ್ಮ?”

ಹತ್ತಿಯಕ್ಕ ಹೊರಗಿನ ಬೆಂಚಿನ ಕಡೆ ಕೈ ತೋರಿಸಿದಳು.

“ನಿಮಗೆ ಏನಾಗ್ಬೇಕು ಅವ್ರು?”

“ನಾದಿನಿ. ನನ್ನ ಮೇಲೆ ಚಾಡಿ ಹೇಳಿದೋಳು ಅಂತಾನೂ ಬರ್ಕೊಳ್ಳಿ. ಅವಳು ಹೇಳಿದ್ದಕ್ಕೇ ಇವತ್ತು ನಂಗೆ ಉಸಿರಿದೆ.”

“ಅತ್ತಿಗೆ, ಇಲ್ಲಿಗೆ ಕೇಳಿಸ್ತಿದೆ!” ಎಂದು ಬೆಂಚಿನಿಂದ ಕೂಗು ಬಂತು.

“ಕೇಳಿಸ್ಲಿ ಅಂತಾನೇ ಕಣೇ ಜೋರಾಗಿ ಹೇಳಿದ್ದು,” ಎಂದಳು ಹತ್ತಿಯಕ್ಕ.